ಬೇರೆಯವರು ಬರೆದದ್ದನ್ನು ತಿದ್ದುವುದು ಹೇಗೆ? ಮಸ್ಕಿ, ಹಂಪಿ, ಕೊಪ್ಪಳದ ಉದಾಹರಣೆಗಳ ಜೊತೆ

ಹಂಪಿ ಯಾವ ಜಿಲ್ಲೆಯಲ್ಲಿದೆ? 2020ರಲ್ಲಿ ಕೇಳಿದ್ದರೆ ಬಳ್ಳಾರಿ ಎನ್ನುವುದೇ ಸರಿ ಉತ್ತರ. 2021ರಲ್ಲಿ ಬಳ್ಳಾರಿ ಜಿಲ್ಲೆ ಎರಡಾಯಿತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೇರಿ ವಿಜಯನಗರ ಜಿಲ್ಲೆ ಆಯಿತು. ಹಂಪಿಯೂ ಆ ಕಡೆ ಹೋಯಿತು. ಬಳ್ಳಾರಿ ಜಿಲ್ಲೆಗೆ ಉಳಿದದ್ದು ಬಳ್ಳಾರಿ, ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿ ಎಂಬ ಐದು ತಾಲ್ಲೂಕು.

ಸರ್ಕಾರದ ಆದೇಶ ಬಂದ ಕೂಡಲೇ ಕಚೇರಿಯ ಬೋರ್ಡುಗಳು ಬದಲಾದವು. ಇಂಟರ್ನೆಟ್ಟಿನಲ್ಲಿ ಬರೆದಿಟ್ಟ ಮಾತು ಹಾಗೆ ತಾನಾಗಿ ಬದಲಾಗುವುದಿಲ್ಲ. ಯಾರಾದರೂ ಕೂತು ಒಂದೊಂದೇ ಸಾಲು ತಿದ್ದಬೇಕು. ಪರೀಕ್ಷೆಗೆ ಓದುವವರು, ಶಾಲೆಯ ಪ್ರಾಜೆಕ್ಟ್ ಬರೆಯುವ ಮಕ್ಕಳು, ಪ್ರವಾಸಕ್ಕೆ ಹೊರಟವರು, ಎಲ್ಲರೂ ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದನ್ನೇ ನಂಬುತ್ತಾರೆ. ಈಗ ಎಐ ಸಾಧನಗಳು ಬಂದಿವೆ. ಅವೂ ವಿಕಿಪೀಡಿಯದಂಥ (ಯಾರು ಬೇಕಾದರೂ ಬರೆದು ತಿದ್ದಬಹುದಾದ ಇಂಟರ್ನೆಟ್ ವಿಶ್ವಕೋಶ) ಜಾಗದಲ್ಲಿ ಇದ್ದದ್ದನ್ನು ಕಲಿತು ನಮಗೇ ತಿರುಗಿ ಹೇಳುತ್ತವೆ. ಹಾಗಾಗಿ ಅಲ್ಲಿನ ಒಂದು ತಪ್ಪು ಸಾಲು ಮೊದಲಿಗಿಂತ ಜಾಸ್ತಿ ದೂರ ಹೋಗುತ್ತದೆ.

ಅದನ್ನು ಯಾರು ಸರಿ ಮಾಡಬೇಕು? ನೀವೂ ಮಾಡಬಹುದು. ಆದರೆ ಬೇರೆಯವರ ಬರಹಕ್ಕೆ ಕೈ ಹಾಕೋದು ಹೇಗೆ, ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನೋದು ಗೊತ್ತಿರಬೇಕು. ಎಲ್ಲ ಕಡೆ ಗುಂಡಿ ಒಂದೇ, 'ಸಂಪಾದಿಸಿ'. ನಿಯಮ ಮಾತ್ರ ಜಾಗದಿಂದ ಜಾಗಕ್ಕೆ ಬೇರೆ.

ತಿದ್ದುವ ಹಕ್ಕು ಎಲ್ಲಿಂದ ಬಂತು?

ವಾಟ್ಸಾಪ್ ಎಲ್ಲರಿಗೂ ಗೊತ್ತು. ಅಲ್ಲಿ ನಾವು ಕಳಿಸಿದ ಸಂದೇಶವನ್ನು ನಾವೇ ತಿದ್ದಬಹುದು, ಅದೂ 15 ನಿಮಿಷದೊಳಗೆ. ಬೇರೆಯವರ ಸಂದೇಶವನ್ನು ಮುಟ್ಟುವ ಹಾಗಿಲ್ಲ. ಫೇಸ್‌ಬುಕ್‌ನಲ್ಲೂ ಒಬ್ಬರ ಪೋಸ್ಟ್ ಒಬ್ಬರದೇ.

ವಿಕಿಪೀಡಿಯ ಹಾಗಲ್ಲ. ಅದು ಶುರುವಾದದ್ದು 2001ರ ಜನವರಿಯಲ್ಲಿ. ಕನ್ನಡ ವಿಕಿಪೀಡಿಯ ಬಂದದ್ದು 2003ರಲ್ಲಿ. ಈಗ ಅದರಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ. ಒಂದಕ್ಕೂ 'ಇದು ಇಂಥವರ ಲೇಖನ' ಅಂತ ಒಡೆಯರಿಲ್ಲ. ಬರೆಯುವಾಗಲೇ ಎಲ್ಲರೂ ಒಂದು ಷರತ್ತಿಗೆ ಒಪ್ಪಿರುತ್ತಾರೆ. ಅದರ ಹೆಸರು ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ನನ್ನ ಬರಹವನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು. ಮೂಲ ಬರೆದವರನ್ನು ಮಾತ್ರ ಹೆಸರಿಸಬೇಕು, ಬದಲಿಸಿದ್ದನ್ನೂ ಇದೇ ಷರತ್ತಿನ ಮೇಲೆ ಎಲ್ಲರಿಗೂ ಕೊಡಬೇಕು. ಅದರ ತಿರುಳು ಇಷ್ಟೇ. ಪ್ರೋಗ್ರಾಮಿಂಗ್ ಪ್ರಶ್ನೋತ್ತರಕ್ಕೆ ಹೆಸರಾದ ಸ್ಟ್ಯಾಕ್ ಓವರ್‌ಫ್ಲೋ ತಾಣವೂ ಇದೇ ಪರವಾನಗಿಯ ಮೇಲೆ ನಡೆಯುತ್ತದೆ.

ಇನ್ನೊಂದು ಆಸರೆ ಇತಿಹಾಸ ಪುಟ. ಯಾರು, ಯಾವಾಗ, ಯಾವ ಅಕ್ಷರ ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಬೇಡ ಅನ್ನಿಸಿದರೆ ಹಳೆಯದಕ್ಕೆ ಮರಳಬಹುದು. ಹೊಸಬರು 'ನಾನು ಏನಾದರೂ ಹಾಳು ಮಾಡಿಬಿಟ್ಟರೆ?' ಎಂದು ಹೆದರುತ್ತಾರಲ್ವಾ, ಆ ಹೆದರಿಕೆಗೆ ಉತ್ತರ ಇತಿಹಾಸ ಪುಟದಲ್ಲೇ ಇದೆ.

ಒಂದೇ ಪದದ ತಿದ್ದುಪಡಿ: ಮಸ್ಕಿ ಶಾಸನ

ಒಳ್ಳೆಯ ತಿದ್ದುಪಡಿ ಅಂದರೆ ಪುಟಗಟ್ಟಲೆ ಬರೆಯೋದು ಅಂದುಕೊಳ್ಳುವವರು ತುಂಬ ಜನ. ಹಾಗೇನಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯನ್ನೇ ತೆಗೆದುಕೊಳ್ಳೋಣ.

ಮಸ್ಕಿಯ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಹೆಸರು 'ದೇವಾನಾಂಪಿಯ', 'ಪಿಯದಸಿ' ಎಂದಿತ್ತು. ಆ ರಾಜ ಅಶೋಕನೇ ಎಂದು ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆಯ ಮೇಲೆ 'ಅಸೋಕ' ಎಂಬ ಹೆಸರೇ ಸಿಕ್ಕಿತು. ಊಹೆ ಗಟ್ಟಿಯಾಯಿತು. ನಮ್ಮ ಭಾಗದವರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು ಇದು, ಹೇಳಿಕೊಳ್ಳಲೇಬೇಕು.

ಈಗ ಒಂದು ಲೇಖನದಲ್ಲಿ 'ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು' ಎಂದಿದೆ ಅಂತಿಟ್ಟುಕೊಳ್ಳಿ. ಇಂಥ ಸಾಲು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲೂ ಕಾಣುತ್ತದೆ. ಇದು ತಪ್ಪು. ಮಧ್ಯಪ್ರದೇಶದ ಗುಜರ್ರಾ ಶಾಸನದಲ್ಲೂ ಅಶೋಕ ಎಂಬ ಹೆಸರಿದೆ. ಅಷ್ಟು ದೂರ ಯಾಕೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಇದೆ. ಅವೆಲ್ಲ ಮಸ್ಕಿಯ ನಂತರ ಬೆಳಕಿಗೆ ಬಂದವು.

ಹಾಗಾದರೆ ಏನು ಮಾಡಬೇಕು? ಸಾಲನ್ನೇ ಅಳಿಸಿಬಿಟ್ಟರೆ ಮಸ್ಕಿಯ ಮಹತ್ವವೇ ಹೋಗುತ್ತದೆ. ಇಡೀ ಲೇಖನವನ್ನು ನಮ್ಮ ಶೈಲಿಯಲ್ಲಿ ಮತ್ತೆ ಬರೆದರೆ ಮೊದಲು ಬರೆದವರ ಶ್ರಮಕ್ಕೆ ಬೆಲೆ ಇಲ್ಲದಂತಾಗುತ್ತದೆ. ಮಾಡಬೇಕಾದ್ದು ಇಷ್ಟು: 'ಏಕೈಕ' ತೆಗೆದು 'ಅಶೋಕನ ಹೆಸರು ಮೊದಲು ಸಿಕ್ಕ ಶಾಸನ' ಎಂದು ಬರೆಯೋದು. ಪಕ್ಕದಲ್ಲಿ ಅದಕ್ಕೆ ಆಧಾರವಾದ ಪುಸ್ತಕದ ಹೆಸರು, ಪುಟ ಕೊಡೋದು. ಕೆಳಗೆ, ಯಾಕೆ ಬದಲಿಸಿದೆ ಎಂದು ಬರೆಯಲು ಇರುವ ಸಾರಾಂಶದ ಜಾಗದಲ್ಲಿ 'ನಿಟ್ಟೂರು, ಉಡೇಗೋಳ, ಗುಜರ್ರಾದಲ್ಲೂ ಹೆಸರಿದೆ. ಏಕೈಕ ಎಂಬುದು ಸರಿಯಲ್ಲ' ಎಂದು ಒಂದು ಸಾಲು ಹಾಕೋದು.

ಬರೆದವರು ಹೇಳಬೇಕೆಂದಿದ್ದ ಮಾತು ಉಳಿಯಿತು. ಓದುವವರಿಗೆ ಸರಿಯಾದದ್ದು ಸಿಕ್ಕಿತು. ಇನ್ನೊಬ್ಬರು ಬಂದು ನೋಡಿದರೆ ಯಾಕೆ ಬದಲಾಯಿತು ಎಂಬುದೂ ಗೊತ್ತಾಗುತ್ತದೆ. ಯಾವ ತಿದ್ದುಪಡಿಯನ್ನೂ ನಾನು ಈ ಮೂರರ ಮೇಲೇ ಅಳೆಯುತ್ತೇನೆ. ಎಷ್ಟು ಸಾಲು ಸೇರಿಸಿದಿರಿ ಎಂಬುದು ಮುಖ್ಯವಲ್ಲ.

ಸಾರಾಂಶದ ಆ ಸಾಲನ್ನು ಬಹಳ ಜನ ಖಾಲಿ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಕಾರಣ ಹೇಳದ ತಿದ್ದುಪಡಿ ನೋಡಿದವರಿಗೆ ಕಿಡಿಗೇಡಿತನದ ಹಾಗೆ ಕಾಣಬಹುದು. ಸರಿಯಾದ ಬದಲಾವಣೆಯೂ ಇದರಿಂದಲೇ ವಾಪಸ್ ಆಗುವ ಸಾಧ್ಯತೆ ಇದೆ.

ಎಲ್ಲ ಕಡೆ ಒಟ್ಟಿಗೆ ಬದಲಿಸಿದರೆ ಏನಾಗುತ್ತದೆ?

ಹಂಪಿಗೆ ಮರಳೋಣ. 'ಬಳ್ಳಾರಿ ಜಿಲ್ಲೆ' ಎಂದು ಇದ್ದಲ್ಲೆಲ್ಲ 'ವಿಜಯನಗರ ಜಿಲ್ಲೆ' ಎಂದು ಹಾಕಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಇಲ್ಲಿಯೇ ಎಡವುವುದು.

ಹಂಪಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 'ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿ' ಎಂಬ ಸಾಲು ಸರಿಯಾಗಿಯೇ ಇದೆ. ಅದನ್ನು ಬದಲಿಸಿದರೆ ಸರಿ ಇದ್ದದ್ದು ತಪ್ಪಾಗುತ್ತದೆ. ಕೊಪ್ಪಳದ ಕತೆಯೂ ಹೀಗೇ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚಿನ ಘಟನೆಗಳಲ್ಲಿ 'ರಾಯಚೂರು ಜಿಲ್ಲೆಯ ಕೊಪ್ಪಳ' ಎಂದಿದ್ದರೆ ಮುಟ್ಟುವ ಹಾಗಿಲ್ಲ. 1956ಕ್ಕೂ ಹಿಂದಕ್ಕೆ ಹೋದರೆ ಅದು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ.

ಈ ಭಾಗದ ಬಗ್ಗೆ ಬರೆಯುವವರು ಇನ್ನೊಂದು ಕಡೆಯೂ ತಪ್ಪುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಈಗ ಕಲ್ಯಾಣ ಕರ್ನಾಟಕ, ಅಂದರೆ ಮೊದಲು ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಭಾಗ. ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ಸೌಲಭ್ಯ ಮೂರಕ್ಕೂ ಇದೆ. ಅದಕ್ಕೇ ಬಳ್ಳಾರಿಯೂ ಸ್ವಾತಂತ್ರ್ಯದ ಹೊತ್ತಿಗೆ ನಿಜಾಮರ ಆಳ್ವಿಕೆಯಲ್ಲಿತ್ತು ಎಂದು ಬರೆದುಬಿಡುತ್ತಾರೆ. ಆದರೆ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅಲ್ಲಿಗೆ ಹೋದವು. ಉಳಿದ ಭಾಗ ಮೈಸೂರು ರಾಜ್ಯ ಸೇರಿತು. ಈ ಹಿನ್ನೆಲೆ ಗೊತ್ತಿದ್ದವರು ಒಂದು ಸಾಲು ತಿದ್ದಿದರೂ ದೊಡ್ಡ ಉಪಕಾರ.

ಅಂಕಿಅಂಶ ಇನ್ನೂ ಸೂಕ್ಷ್ಮ. 2011ರ ಜನಗಣತಿ ಪ್ರಕಾರ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು 24.5 ಲಕ್ಷ. ಸಂಖ್ಯೆ ಸರಿ. ಆದರೆ ಅದು ಒಡೆಯುವ ಮುಂಚಿನ ಜಿಲ್ಲೆಯದು. ಒಂದು ಕಡೆ ಐದು ತಾಲ್ಲೂಕುಗಳ ಹೆಸರು, ಅದರ ಪಕ್ಕ 24.5 ಲಕ್ಷ ಎಂದು ಇದ್ದರೆ ಓದುವವರಿಗೆ ದಾರಿ ತಪ್ಪುತ್ತದೆ. ಇಲ್ಲಿ ಸಂಖ್ಯೆ ಬದಲಿಸುವುದು ಬೇಡ. 'ವಿಭಜನೆಗೆ ಮುಂಚಿನ ಜಿಲ್ಲೆ, 2011' ಎಂದು ಸೇರಿಸಿದರೆ ಸಾಕು.

ಹಳೆಯ ಪುಸ್ತಕದ ಹೆಸರು, ಉಲ್ಲೇಖದೊಳಗಿನ ಮಾತು, ಇವನ್ನೂ ಇದ್ದ ಹಾಗೇ ಬಿಡಬೇಕು. ಬ್ರಿಟಿಷರ ಕಾಲದ ವರದಿಯ ತಲೆಬರಹದಲ್ಲಿ 'ಬೆಳ್ಳಾರಿ' ಎಂದಿದ್ದರೆ ಅದು ಆ ವರದಿಯ ಹೆಸರು. ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್ 1ರಂದು Bellary ಹೋಗಿ Ballari ಎಂದು ಬದಲಾದದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ತಪ್ಪೇ ಪ್ರಶ್ನೆಯಾಗಿದ್ದಾಗ

ಪ್ರಶ್ನೋತ್ತರ ತಾಣಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಪ್ರಶ್ನೆ ಕೇಳಿದವರ ಹೆಸರು ಪ್ರಶ್ನೆಯ ಕೆಳಗೇ ಇರುತ್ತದೆ. ನೀವು ಏನೇ ಬದಲಿಸಿದರೂ ಓದುವವರು ಅದು ಅವರ ಮಾತು ಎಂದೇ ತಿಳಿಯುತ್ತಾರೆ. ಆದ್ದರಿಂದ ಅವರ ಉದ್ದೇಶ ಒಂಚೂರೂ ಬದಲಾಗಬಾರದು.

ಬಳ್ಳಾರಿಯ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಶ್ನೆ ಹಾಕಿದ್ದಾನೆ ಎಂದುಕೊಳ್ಳಿ. ಇಂಗ್ಲಿಷ್ ಸ್ವಲ್ಪ ಎಡವಟ್ಟು, ತಲೆಬರಹ 'ದಯವಿಟ್ಟು ಸಹಾಯ ಮಾಡಿ, ಅರ್ಜೆಂಟ್' ಅಂತಿದೆ. ಪ್ರೋಗ್ರಾಂ ಕೋಡ್ ಎಲ್ಲ ಒಂದೇ ಸಾಲಿನಲ್ಲಿ ಸೇರಿಕೊಂಡಿದೆ. ತಿದ್ದುವವರು ತಲೆಬರಹಕ್ಕೆ ನಿಜವಾದ ಸಮಸ್ಯೆ ಏನು ಎಂಬುದನ್ನು ತರಬಹುದು. ವಾಕ್ಯ ನೇರ ಮಾಡಬಹುದು. ಕೋಡನ್ನು ಸಾಲುಸಾಲಾಗಿ ಜೋಡಿಸಬಹುದು. ಇವೆಲ್ಲ ಒಳ್ಳೆಯ ಕೆಲಸ. ಎಷ್ಟೋ ಸಲ ಇಷ್ಟು ಮಾಡಿದ ಮೇಲೇ ಉತ್ತರ ಗೊತ್ತಿದ್ದವರ ಕಣ್ಣಿಗೆ ಪ್ರಶ್ನೆ ಬೀಳುತ್ತದೆ.

ಆದರೆ ಕೋಡಿನಲ್ಲಿ ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋಗಿದೆ ಎಂದು ಕಂಡಿತು. ಹಾಕಿಬಿಡೋಣವೇ? ಬೇಡ. ಅವನ ಪ್ರೋಗ್ರಾಂ ಓಡದೇ ಇರೋದಕ್ಕೆ ಅದೇ ಕಾರಣ ಇರಬಹುದು. ನೀವು ಹಾಕಿಬಿಟ್ಟರೆ ಪ್ರಶ್ನೆಯೇ ಮಾಯ. ಮುಂದೆ ಬಂದವರಿಗೆ 'ಇದು ಸರಿಯಾಗೇ ಇದೆಯಲ್ಲ' ಎಂದು ಗೊಂದಲ. ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದೆಯಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲವು ಕಳೆ ಥೇಟ್ ಪೈರಿನ ಹಾಗೇ ಇರುತ್ತದೆ, ಬುಡ ನೋಡದೆ ಕಿತ್ತರೆ ಪೈರೇ ಕೈಗೆ ಬರುತ್ತದೆ. ಇಲ್ಲೂ ಹಾಗೇ, ಆ ಚಿಹ್ನೆ ಇಲ್ಲದಿರುವುದೇ ಪ್ರಶ್ನೆಯ ಬುಡ. ಅದನ್ನು ಉತ್ತರವಾಗಿ ಕೆಳಗೆ ಬರೆಯಬೇಕು.

ಬೇರೆಯವರ ಉತ್ತರದಲ್ಲಿ ನಿಮಗೆ ಒಪ್ಪಿಗೆ ಇಲ್ಲದ ಸಲಹೆ ಇದ್ದರೂ ಹೀಗೇ. ಅದನ್ನು ನಿಮ್ಮ ಸಲಹೆಯಾಗಿ ತಿರುಗಿಸುವುದು ತಿದ್ದುಪಡಿ ಅಲ್ಲ. ನಿಮ್ಮದು ಬೇರೆ ಉತ್ತರ, ಬೇರೆಯಾಗಿಯೇ ಬರೆಯಿರಿ.

ಈ ತಾಣದ ವ್ಯವಸ್ಥೆಯೂ ಇದಕ್ಕೆ ತಕ್ಕಂತೆ ಇದೆ. ಅಲ್ಲಿ ಒಳ್ಳೆಯ ಪ್ರಶ್ನೆ, ಉತ್ತರಗಳಿಗೆ ಅಂಕ ಬರುತ್ತದೆ. 2,000 ಅಂಕ ಆಗುವ ತನಕ ನೀವು ಮಾಡುವ ತಿದ್ದುಪಡಿ ಬರೀ ಸಲಹೆ. ಬೇರೆ ಸದಸ್ಯರು ನೋಡಿ ಒಪ್ಪಿದರೆ ಮಾತ್ರ ಜಾರಿಗೆ ಬರುತ್ತದೆ. ಒಪ್ಪಿದ ಸಲಹೆಗೆ 2 ಅಂಕ. ಈ ಅಂಕದ ಆಸೆಗೆ ಕೆಲವರು ಸುಮ್ನೆ ಒಂದು ಅಲ್ಪವಿರಾಮ ಹಾಕಿ ಹೋಗುತ್ತಾರೆ. ಇದರಿಂದ ತೊಂದರೆ ಏನು? ಎರಡು. ಪರಿಶೀಲಿಸುವವರ ಸಮಯ ಹೋಗುತ್ತದೆ. ಜೊತೆಗೆ, ತಿದ್ದಿದ ಹಳೆಯ ಪ್ರಶ್ನೆ ಪಟ್ಟಿಯ ಮೇಲಕ್ಕೆ ಏರುತ್ತದೆ, ಉತ್ತರಕ್ಕೆ ಕಾಯುತ್ತಿರುವ ಹೊಸ ಪ್ರಶ್ನೆಗಳು ಕೆಳಗೆ ಹೋಗುತ್ತವೆ. ಅದಕ್ಕೇ ಒಂದು ಪೋಸ್ಟ್ ತೆರೆದರೆ ತಲೆಬರಹ, ಭಾಷೆ, ಕೋಡಿನ ಜೋಡಣೆ ಎಲ್ಲವನ್ನೂ ಒಂದೇ ಸಲಕ್ಕೆ ಸರಿ ಮಾಡಿ ಮುಗಿಸಬೇಕು.

ನಮ್ಮ ಕಡೆಯ ಮಾತನ್ನು 'ಸರಿ' ಮಾಡಬೇಕೇ?

ಈ ಪ್ರಶ್ನೆ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ರಾಯಚೂರು ಕಡೆಯ ರೈತರೊಬ್ಬರು ಒಂದು ವಾಟ್ಸಾಪ್ ಗುಂಪಿನಲ್ಲಿ ಹೀಗೆ ಕೇಳುತ್ತಾರೆ ಎಂದುಕೊಳ್ಳಿ: 'ನಮ್ಮ ಹೊಲದಾಗ ತೊಗರಿ ಹೂ ಉದುರಾಕ ಹತ್ಯಾವ, ಯಾವ ಎಣ್ಣಿ ಹೊಡಿಬೇಕ್ರಿ?' ಇದನ್ನು ಬೇರೆ ಗುಂಪಿಗೆ ಹಾಕುವವರು ಪುಸ್ತಕದ ಕನ್ನಡಕ್ಕೆ ತಿರುಗಿಸಿ 'ಯಾವ ಎಣ್ಣೆ ಸಿಂಪಡಿಸಬೇಕು?' ಎಂದು ಬರೆದರೆ ಏನಾಗುತ್ತದೆ? ನಮ್ಮ ಕಡೆ ಬೆಳೆಗೆ ಹೊಡೆಯುವ 'ಎಣ್ಣಿ' ಅಂದರೆ ಕೀಟನಾಶಕ. ಬೆಂಗಳೂರಿನಲ್ಲಿ ಓದಿದವರು ಬೇವಿನೆಣ್ಣೆಯ ಬಗ್ಗೆ ಉತ್ತರ ಕೊಟ್ಟಾರು.

ಒಬ್ಬರ ಸ್ವಂತ ಪ್ರಶ್ನೆ, ಅನುಭವ, ಸಂದರ್ಶನ ಆಗಿದ್ದರೆ ಅವರ ಮಾತಿನ ಧಾಟಿ ಹಾಗೇ ಇರಲಿ. 'ಐತಿ', 'ಅದ', 'ಹೊಲದಾಗ' ಇವು ತಪ್ಪುಗಳಲ್ಲ. ಕೈತಪ್ಪಿನಿಂದ ಬಿದ್ದ ಅಕ್ಷರ ಸರಿ ಮಾಡಿ, ಸಾಕು. ಎಕರೆಗೆ ಎಷ್ಟು ಕ್ವಿಂಟಾಲ್, ಎಷ್ಟು ಸಲ ನೀರು ಬಿಟ್ಟೆ ಎಂಬ ಅಂಕಿ ನಿಮಗೆ ವಿಚಿತ್ರ ಕಂಡರೂ ಬದಲಿಸಬೇಡಿ, ಅವರನ್ನೇ ಕೇಳಿ. ವಿಶ್ವಕೋಶದ ಲೇಖನವಾದರೆ ಮಾತ್ರ ಎಲ್ಲ ಭಾಗದವರೂ ಓದುವ ಬರಹದ ಕನ್ನಡಕ್ಕೆ ತರಬೇಕು, ಯಾಕಂದರೆ ಅಲ್ಲಿ ಮಾತು ಯಾರೊಬ್ಬರದೂ ಅಲ್ಲ.

ಹಳೆಯ ಪುಸ್ತಕ, ನಕ್ಷೆ

ವಿಕಿಸೋರ್ಸ್ ಎಂಬಲ್ಲಿ ಹಳೆಯ ಪುಸ್ತಕಗಳ ಸ್ಕ್ಯಾನ್ ಚಿತ್ರ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಇರುತ್ತದೆ. ಚಿತ್ರದಿಂದ ಅಕ್ಷರವನ್ನು ಕಂಪ್ಯೂಟರ್ ಓದಿ ತೆಗೆಯುತ್ತದೆ, ಕನ್ನಡದ ಒತ್ತಕ್ಷರಗಳಲ್ಲಿ ತಪ್ಪುತ್ತದೆ. ಅದನ್ನು ನಾವು ತಿದ್ದಬೇಕು. ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಹಸಿರು. ಇಲ್ಲಿ ನಿಯಮ ಒಂದೇ: ಅಚ್ಚಿನಲ್ಲಿ ಹೇಗಿದೆಯೋ ಹಾಗೆ. ಮಾನ್ವಿ ಕಡೆಯ ಜಗನ್ನಾಥದಾಸರ ಪದಗಳ ಹಳೆಯ ಮುದ್ರಣದಲ್ಲಿ ಇಂದಿಗೆ ಬಳಕೆಯಲ್ಲಿಲ್ಲದ ರೂಪ ಇದ್ದರೆ, ಅದನ್ನು ಇಂದಿನ ಕನ್ನಡಕ್ಕೆ ತರುವ ಅಧಿಕಾರ ನಮಗಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆ 2004ರಿಂದ ಇದೆ. ಅಲ್ಲಿ ರಸ್ತೆ, ಶಾಲೆ, ಹಳ್ಳದ ಹೆಸರು ಹಾಕಬಹುದು, ತಿದ್ದಬಹುದು. ಕನ್ನಡದ ಹೆಸರಿಗೆ ಬೇರೆಯೇ ಜಾಗ ಇದೆ. ಕಣ್ಣಾರೆ ಕಂಡದ್ದನ್ನು ಹಾಕಿ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವ ಹಾಗಿಲ್ಲ, ಅದರ ಹಕ್ಕು ಬೇರೆಯವರದು.

ನಿಮ್ಮ ತಿದ್ದುಪಡಿಯನ್ನು ಯಾರೋ ಅಳಿಸಿದರೆ?

ಅಳಿಸುತ್ತಾರೆ. ಬೇಜಾರಾಗುತ್ತದೆ. ಮೊದಲು ಅವರು ಸಾರಾಂಶದಲ್ಲಿ ಬರೆದ ಕಾರಣ ಓದಿ. ಆಮೇಲೆ ಲೇಖನದ ಜೊತೆಗೇ ಇರುವ 'ಚರ್ಚೆ' ಪುಟಕ್ಕೆ ಹೋಗಿ ನಿಮ್ಮ ಆಧಾರ ಇಡಿ. ಮತ್ತೆ ಮತ್ತೆ ಅದನ್ನೇ ಹಾಕುವ ಜಗಳಕ್ಕೆ ಇಂಗ್ಲಿಷ್ ವಿಕಿಪೀಡಿಯ ಗಡಿ ಹಾಕಿದೆ. ಒಂದೇ ಪುಟದಲ್ಲಿ ಬೇರೆಯವರ ಕೆಲಸವನ್ನು 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ಹಿಂತಿರುಗಿಸಿದರೆ ಖಾತೆಗೆ ತಡೆ ಬೀಳಬಹುದು.

ಜಗಳ ಹೆಚ್ಚು ಆಗೋದು ನಂಬಿಕೆ, ಅಭಿಮಾನದ ವಿಷಯದಲ್ಲಿ. ಆನೆಗುಂದಿ ಹತ್ತಿರದ ಅಂಜನಾದ್ರಿಯನ್ನೇ ನೋಡಿ. ಹನುಮಂತ ಹುಟ್ಟಿದ್ದು ಅಲ್ಲೇ ಎಂಬುದು ಈ ಭಾಗದ ನಂಬಿಕೆ. 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನದವರು ತಿರುಮಲದ ಅಂಜನಾದ್ರಿಯೇ ಜನ್ಮಸ್ಥಳ ಎಂದರು. ಲೇಖನದಲ್ಲಿ ಒಬ್ಬರು 'ಇದೇ ಜನ್ಮಸ್ಥಳ' ಎಂದು ಬರೆದರೆ ಇನ್ನೊಬ್ಬರು ಅಳಿಸುತ್ತಾರೆ. 'ಹನುಮಂತನ ಜನ್ಮಸ್ಥಳ ಎಂದು ಭಕ್ತರು ನಂಬುತ್ತಾರೆ. ತಿರುಮಲದವರೂ ಇದೇ ಹಕ್ಕು ಹೇಳಿದ್ದಾರೆ' ಎಂದು ಆಧಾರದ ಜೊತೆ ಬರೆದರೆ ಎರಡೂ ಕಡೆಯವರ ಮಾತು ಬಂತು. ಇದು ಭಕ್ತಿಗೆ ಕುಂದು ತರುವ ಬರವಣಿಗೆ ಅಲ್ಲ. ಯಾರು ಏನು ಹೇಳುತ್ತಾರೆ ಎಂದು ತಿಳಿಸುವುದಷ್ಟೇ ಅಲ್ಲಿನ ಕೆಲಸ.

ಬಿಸಿ ಸುದ್ದಿಯಲ್ಲೂ ಹುಷಾರಾಗಿರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಯಿತು. ಅಂಥ ಹೊತ್ತಿನಲ್ಲಿ ಮೊಬೈಲಿಗೆ ಬಂದ ಆಡಿಯೋ ಕೇಳಿ ಲೇಖನ ತಿದ್ದಬಾರದು. ಪತ್ರಿಕೆಯಲ್ಲಿ, ಅಧಿಕೃತ ಹೇಳಿಕೆಯಲ್ಲಿ ಬರುವ ತನಕ ಕಾಯಬೇಕು. 'ನಿನ್ನೆ', 'ಇತ್ತೀಚೆಗೆ' ಎಂದು ಯಾರಾದರೂ ಬರೆದಿದ್ದರೆ ಅಲ್ಲಿ ದಿನಾಂಕ ಹಾಕಿ. ಮುಂದಿನ ವರ್ಷ ಓದುವವರಿಗೆ 'ನಿನ್ನೆ' ಯಾವತ್ತು ಎಂದು ಗೊತ್ತಾಗಬೇಕಲ್ಲ.

ಎಲ್ಲಿಂದ ಶುರು ಮಾಡಬಹುದು?

ನಮ್ಮ ಮೂರು ಜಿಲ್ಲೆಗಳಲ್ಲಿ ಮಾಡಲು ಕೆಲಸ ಬೇಕಾದಷ್ಟಿದೆ. 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾಯಿತು. ರಾಯಚೂರಿನಲ್ಲಿ ಮಸ್ಕಿ, ಸಿರವಾರ. ಕೊಪ್ಪಳದಲ್ಲಿ ಕುಕನೂರು, ಕನಕಗಿರಿ, ಕಾರಟಗಿ. ಬಳ್ಳಾರಿಯಲ್ಲಿ ಕುರುಗೋಡು, ಕಂಪ್ಲಿ. ಇವುಗಳ ಹಳ್ಳಿಗಳ ಬಗ್ಗೆ ಮೊದಲು ಬರೆದ ಪುಟಗಳಲ್ಲಿ ಹಳೆಯ ತಾಲ್ಲೂಕೇ ಇರುತ್ತದೆ.

ಇಟಗಿಯನ್ನು ನೋಡಿ. 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಇರುವ ಊರು. ಮೊದಲು ಯಲಬುರ್ಗಾ ತಾಲ್ಲೂಕು, ಈಗ ಕುಕನೂರು. ಅದರ ಪುಟದಲ್ಲಿ ಯಲಬುರ್ಗಾ ಎಂದೇ ಉಳಿದಿದ್ದರೆ ತಿದ್ದಬಹುದು. ಮೊದಲು ಇತಿಹಾಸ ಪುಟ ನೋಡಿ, ಯಾರಾದರೂ ಬದಲಿಸಿ ವಾಪಸ್ ಆಗಿದೆಯೇ ಅಂತ. ಆಮೇಲೆ ಜಿಲ್ಲಾಡಳಿತದ ಜಾಲತಾಣದಲ್ಲಿ ಖಚಿತ ಮಾಡಿಕೊಳ್ಳಿ. ಆ ಒಂದು ಪದ ಬದಲಿಸಿ, ಆಧಾರ ಸೇರಿಸಿ, ಸಾರಾಂಶದಲ್ಲಿ 'ಈಗ ಕುಕನೂರು ತಾಲ್ಲೂಕು' ಎಂದು ಬರೆದು ಪ್ರಕಟಿಸಿ. ಕೈ ಪಳಗಲು ನಿಮ್ಮ ಖಾತೆಯಲ್ಲೇ 'ಪ್ರಯೋಗಪುಟ' ಇರುತ್ತದೆ, ಅಲ್ಲಿ ಏನು ಬರೆದರೂ ಯಾರಿಗೂ ತೊಂದರೆ ಇಲ್ಲ. ಅನುಮಾನ ಬಂದರೆ ಕೇಳಲು ಕನ್ನಡ ವಿಕಿಪೀಡಿಯದಲ್ಲಿ ಒಂದು ಜಾಗವಿದೆ, ಅದಕ್ಕೆ 'ಅರಳಿ ಕಟ್ಟೆ' ಎಂದೇ ಹೆಸರು. ಕನ್ನಡದಲ್ಲೇ ಕೇಳಬಹುದು.